ಫೋನು ಬಾಯಿಮುಚ್ಚಿದ ಭಾನುವಾರ

ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ದರ್ಜಿ ಮತ್ತೊಮ್ಮೆ ಫೋನಿನ ಕಡೆ ನೋಡಿದಳು. ಕಿಟಕಿಯ ಪಕ್ಕದ ಮೇಜಿನ ಮೇಲೆ ಅದು ಹೊಟ್ಟೆ ತುಂಬಿದ ಬೆಕ್ಕಿನ ಹಾಗೆ ಬಿದ್ದುಕೊಂಡಿತ್ತು. ಭಾನುವಾರ ಬೆಳಿಗ್ಗೆ ಗಂಡನ ಕರೆ ತಪ್ಪುವುದು ಅಪರೂಪ. ಈ ಭಾನುವಾರವಂತೂ ತಪ್ಪಲೇಬಾರದಿತ್ತು. ಹೊರದೇಶದ ಯುದ್ಧಕ್ಕೆ ಹೋಗಿದ್ದ ಅವನ ಅವಧಿ ಮುಗಿಯುತ್ತ ಬಂದಿತ್ತು. ಇನ್ನೊಂದು ಅವಧಿಗೆ ಉಳಿಯುತ್ತಾನೋ, ಮನೆಗೆ ಬರುತ್ತಾನೋ, ಎರಡರಲ್ಲೊಂದು ಹೇಳಿಬಿಡುತ್ತೇನೆ ಎಂದು ಕಳೆದ ವಾರ ಮಾತು ಕೊಟ್ಟಿದ್ದ.

“ಅಕ್ಕಾ, ಸೊಂಟದ ಹತ್ರ ಇನ್ನೂ ಸ್ವಲ್ಪ ಬಿಗಿ ಮಾಡು,” ಎಂದಳು ಸ್ಟೂಲಿನ ಮೇಲೆ ನಿಂತಿದ್ದ ಮಹಡಿಯವಳು.

ದರ್ಜಿ ಸೂಜಿಗಳನ್ನು ಅಂಗೈಗೆ ತೆಗೆದುಕೊಂಡಳು. “ಇದಕ್ಕಿಂತ ಬಿಗಿ ಮಾಡಿದ್ರೆ ನೀನು ಉಸಿರಾಡೋ ಹಾಗಿಲ್ಲ. ನಿನ್ನ ಗಂಡ ಬರೋ ತನಕ ದಿನಾ ಎರಡು ತುತ್ತು ಜಾಸ್ತಿ ತಿನ್ನು, ತಾನೇ ಬಿಗಿಯಾಗುತ್ತೆ.”

ಮಹಡಿಯವಳು ಎಂದರೆ ಮೇಲಿನ ಮನೆಯ ಹುಡುಗಿ. ಗಂಡ ರಜೆಗೆ ಬರುವ ದಿನ ತೊಟ್ಟುಕೊಂಡು ನಿಲ್ದಾಣಕ್ಕೆ ಹೋಗಬೇಕೆಂದು ಎತ್ತಿಟ್ಟಿದ್ದ ನೀಲಿ ಗೌನು ಅದು. ಮದುವೆಯಾದ ಹೊಸದರಲ್ಲಿ ಅಳತೆಗೆ ಸರಿಯಾಗಿದ್ದದ್ದು ಈಗ ಕೋಲಿಗೆ ಅಂಗಿ ತೊಡಿಸಿದಂತೆ ಜೋತುಬೀಳುತ್ತಿತ್ತು. ಅವಳ ಗಂಡನನ್ನು ಎಲ್ಲರೂ ಕರೆಯುತ್ತಿದ್ದುದು ಸೀಟಿ ಎಂದೇ. ಮೆಟ್ಟಿಲು ಹತ್ತುವಾಗ, ಬೂಟು ಉಜ್ಜುವಾಗ, ಮೇಲಿನವರಿಂದ ಬೈಸಿಕೊಂಡು ಬರುವಾಗಲೂ ಶಿಳ್ಳೆ ಹಾಕುವ ಆಸಾಮಿ. ದರ್ಜಿಯ ಗಂಡ ಸೇನೆಯ ಲಾರಿ ಓಡಿಸುವವನು, ಸೀಟಿ ಅದೇ ಲಾರಿಯ ಮೇಲೆ ಬಂದೂಕು ಹಿಡಿದು ಕೂರುವವನು. ಇಲ್ಲೂ ನೀನು ನನ್ನ ತಲೆಯ ಮೇಲೆ, ಅಲ್ಲೂ ನನ್ನ ತಲೆಯ ಮೇಲೆ ಎಂದು ದರ್ಜಿಯ ಗಂಡ ಅವನನ್ನು ರೇಗಿಸುತ್ತಿದ್ದ.

ಫೋನು ಸತ್ತದ್ದು ಶನಿವಾರ ಸಂಜೆ. ಸಿಪಾಯಿಗಳ ಆ ಕ್ವಾರ್ಟರ್ಸಿನಲ್ಲಿ ಅದರ ಅರ್ಥ ಮಕ್ಕಳಿಗೂ ಗೊತ್ತು. ಆ ಹೊರದೇಶದಲ್ಲಿ ತಮ್ಮವನೊಬ್ಬ ಸತ್ತರೆ ಮೇಲಿನವರು ಶಿಬಿರದ ಫೋನುಗಳನ್ನೆಲ್ಲ ಬಂದ್ ಮಾಡುತ್ತಾರೆ. ಸತ್ತವನ ಹೆಂಡತಿಯ ಎದುರು ಇಬ್ಬರು ಅಧಿಕಾರಿಗಳು ನಿಂತು ಹೇಳುವವರೆಗೆ ಅಲ್ಲಿಂದ ಯಾರೂ ಯಾರ ಮನೆಗೂ ಮಾತಾಡುವ ಹಾಗಿಲ್ಲ. ಬಾಗಿಲಿಗೆ ಚೀಟಿ ಸಿಕ್ಕಿಸುವ ಹಾಗಿಲ್ಲ, ನೆರೆಯವರ ಕೈಲಿ ಹೇಳಿಕಳಿಸುವ ಹಾಗೂ ಇಲ್ಲ. ಅವಳಿಗೇ ಹೇಳಬೇಕು. ಹೇಳಿದ ಮೇಲೆ ಫೋನು ಬಾಯಿ ಬಿಡುತ್ತದೆ. ಹೀಗಾಗಿ ಅಂಥ ದಿನ ಹೆಂಗಸರು ತಮ್ಮ ತಮ್ಮ ಮನೆಯಲ್ಲಿ ಕೂರುತ್ತಿರಲಿಲ್ಲ. ಇವಳು ಅವಳ ಮನೆಗೆ, ಅವಳು ಇನ್ನೊಬ್ಬಳ ಮನೆಗೆ, ಏನಾದರೊಂದು ನೆಪ ಹಿಡಿದು ಹೋಗಿಬಿಡುವುದು. ಯಾರು ಶುರು ಮಾಡಿದರೋ, ಅಂತೂ ರೂಢಿಯಾಗಿತ್ತು.

“ಸಾವೇನು ಅಂಚೆಯವನಾ, ಬಾಗಿಲು ಹಾಕಿದ್ರೆ ವಾಪಸ್ ಹೋಗೋಕೆ?” ಎಂದು ದರ್ಜಿಯ ಅತ್ತೆ ಹಂಗಿಸುತ್ತಿದ್ದಳು. ಹಂಗಿಸುವ ಅತ್ತೆಯೇ ಈಗ ಅಡುಗೆಮನೆಯಲ್ಲಿ ತೊಳೆದ ಪಾತ್ರೆಯನ್ನು ಮತ್ತೆ ತೊಳೆಯುತ್ತಿದ್ದಳು. ದರ್ಜಿ ಮಾತ್ರ ಮನೆ ಬಿಟ್ಟು ಕದಲಲಿಲ್ಲ. ಯಾವ ಗಳಿಗೆಯಲ್ಲಾದರೂ ಫೋನು ಬರಬಹುದೆಂಬ ಆಸೆ ಭಯಕ್ಕಿಂತ ಒಂದು ಗುಲಗಂಜಿ ತೂಕ ಹೆಚ್ಚಾಗಿತ್ತು.

ಈ ಯುದ್ಧ ಯಾಕೆ ಎಂದು ಕೇಳುವುದನ್ನು ಅವಳು ಬಿಟ್ಟು ಬಹಳ ಕಾಲವಾಗಿತ್ತು. ಮೊದಲು, ಅಲ್ಲೊಬ್ಬ ದುಷ್ಟನನ್ನು ಗದ್ದುಗೆಯಿಂದ ಇಳಿಸಬೇಕು ಎಂದರು. ಇಳಿಸಿದರು. ಆಮೇಲೆ ಅವನ ಕಡೆಯವರು ತಲೆ ಎತ್ತದಂತೆ ನೋಡಿಕೊಳ್ಳಬೇಕು ಎಂದರು. ಆಮೇಲೆ ಶಾಲೆ ಕಟ್ಟಬೇಕು, ಬಾವಿ ತೋಡಬೇಕು ಎಂದರು. ಮಂತ್ರಿ ಬದಲಾದ ಹಾಗೆಲ್ಲ ಕಾರಣವೂ ಬದಲಾಯಿತು, ಹೋಗುವ ಹುಡುಗರು ಮಾತ್ರ ಬದಲಾಗಲಿಲ್ಲ. ಕಂಡವರ ಮನೆ ಜಗಳ ಬಿಡಿಸಲು ಹೋದವನಿಗೆ ಎರಡೂ ಕಡೆಯಿಂದ ಏಟು ಎಂದು ಅತ್ತೆ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದಳು. ಮಹಡಿಯವಳು ಒಮ್ಮೆ ಗಂಡನನ್ನೇ ಕೇಳಿದ್ದಳಂತೆ. ರಸ್ತೆ ಕಾಯುತ್ತಿದ್ದೇವೆ ಎಂದನಂತೆ. ರಸ್ತೆ ಯಾಕೆ ಕಾಯಬೇಕು ಎಂದರೆ, ಶಿಬಿರಕ್ಕೆ ದಿನಸಿ ಬರಬೇಕಲ್ಲ ಎಂದ. ಶಿಬಿರ ಯಾಕೆ ಎಂದರೆ, ಮತ್ತೆ ರಸ್ತೆ ಕಾಯುವವರು ಎಲ್ಲಿ ಮಲಗಬೇಕು ಎಂದು ಶಿಳ್ಳೆ ಹಾಕಿದನಂತೆ.

ಕಾರಣ ಹಾಳಾಗಿ ಹೋಗಲಿ, ದರ್ಜಿಗೆ ಗಂಡ ಬೇಕಾಗಿತ್ತು. ಎಷ್ಟು ಸೋಪು ಹಾಕಿದರೂ ಹೋಗದ ಅವನ ಡೀಸೆಲ್ ವಾಸನೆ ಬೇಕಾಗಿತ್ತು. ಅವಳು ಹೊಲಿಯಲು ಕೂತಾಗ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ನಾಲಿಗೆ ಹೊರಚಾಚಿ, ಆ ಗೂಟದಂಥ ಬೆರಳುಗಳಿಂದ ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದ. ಹಾಸಿಗೆಯಲ್ಲಿ ಗೋಡೆಯ ಕಡೆಯ ಅರ್ಧ ಈಗಲೂ ಅವನದೇ. ಅದು ಸುಕ್ಕಾಗುತ್ತಲೇ ಇರಲಿಲ್ಲ, ಆದರೂ ಅವಳು ದಿನಾ ಬೆಳಿಗ್ಗೆ ಅದನ್ನು ಕೊಡವಿ ಹಾಸುತ್ತಿದ್ದಳು.

ಕೆಳಗೆ ಕಾರಿನ ಬಾಗಿಲು ಹಾಕಿದ ಸದ್ದಾಯಿತು. ಅದರ ಹಿಂದೆಯೇ ಇನ್ನೊಂದು ಬಾಗಿಲಿನ ಸದ್ದು. ಅಡುಗೆಮನೆಯ ನಲ್ಲಿ ನಿಂತಿತು.

ಬೂಟುಗಳು ಮೆಟ್ಟಿಲು ಹತ್ತತೊಡಗಿದವು. ದರ್ಜಿ ಗೌನಿನ ಅಂಚು ಹಿಡಿದು ಮಂಡಿಯೂರಿದವಳು ಹಾಗೇ ಇದ್ದಳು. ಬೂಟುಗಳು ಅವಳ ಬಾಗಿಲ ಮುಂದೆ ಬಂದವು. ನಿಲ್ಲಲಿಲ್ಲ. ಮೇಲಕ್ಕೆ ಹೋದವು. ಬದುಕಿದೆ, ಎಂದುಕೊಂಡಳು. ಹಾಗೆ ಅಂದುಕೊಂಡ ಮೇಲೆಯೇ ತಲೆ ಎತ್ತಿ ಸ್ಟೂಲಿನ ಮೇಲಿದ್ದವಳ ಮುಖ ನೋಡಿದ್ದು. ನಾಚಿಕೆಯಿಂದ ದರ್ಜಿಯ ಕಿವಿ ಕಾದವು.

ಮೇಲಿನ ಮನೆಯ ಬಾಗಿಲು ಬಡಿದ ಸದ್ದು ಕೇಳಿತು. ಬಿಟ್ಟು ಬಿಟ್ಟು ಮತ್ತೆ ಬಡಿದರು.

“ಯಾರೋ ಬಾಗಿಲು ತಟ್ತಿದಾರೆ,” ಎಂದಳು ಮಹಡಿಯವಳು. ದನಿ ನೆಟ್ಟಗಿತ್ತು. “ನೀನು ಕೆಳಗಿನ ಮಡಿಕೆ ನೋಡಕ್ಕಾ. ಒಂದು ಕಡೆ ಉದ್ದ ಆಗಿರೋ ಹಾಗಿದೆ.”

ಬೂಟುಗಳು ಇಳಿದು ಬಂದವು. ಈ ಸಲ ದರ್ಜಿಯ ಬಾಗಿಲಲ್ಲೇ ನಿಂತವು. ಇಬ್ಬರ ಗಂಡಂದಿರದೂ ಒಂದೇ ಲಾರಿ ಎಂಬುದು ಅವಳಿಗೆ ಆಗ ನೆನಪಾಯಿತು. ಬಾಗಿಲವರೆಗೆ ಹೇಗೆ ಹೋದಳೋ ಅವಳಿಗೇ ತಿಳಿಯದು. ಚಿಲಕ ತೆಗೆದಾಗ ಎದುರಿಗೆ ಇಬ್ಬರು, ಟೋಪಿ ಕಂಕುಳಲ್ಲಿ. ಹಿರಿಯವನು ತಗ್ಗಿದ ದನಿಯಲ್ಲಿ, ಮಹಡಿ ಮನೆಯವರು ಇಲ್ಲವಲ್ಲ, ಎಲ್ಲಿ ಹೋಗಿದ್ದಾರೆಂದು ನಿಮಗೆ ಗೊತ್ತೇ ಎಂದು ಕೇಳಿದ.

ದರ್ಜಿಯನ್ನು ಕೇಳಿಕೊಂಡು ಬಂದವರಲ್ಲ. ಎರಡನೇ ಸಲ ಬದುಕಿದಳು. ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಸಾಕಿತ್ತು, ಒಳಗಿನ ಸ್ಟೂಲು ಅವರಿಗೆ ಕಾಣುತ್ತಿತ್ತು. ಅವರು ಹೇಳಬೇಕಾದ್ದು ಹೇಳುತ್ತಿದ್ದರು, ಫೋನು ಬಾಯಿ ಬಿಡುತ್ತಿತ್ತು, ಗಂಡ ಬರುತ್ತೇನೆ ಎನ್ನುತ್ತಿದ್ದ. ಅದಿಷ್ಟೂ ಅವಳಿಗೆ ಗೊತ್ತಿತ್ತು. ಬಾಯಿಂದ ಬಂದದ್ದೇ ಬೇರೆ.

“ಪೇಟೆಗೆ ಹೋಗಿದಾಳೆ. ಬರೋದು ತಡ ಆಗಬಹುದು.”

ಹಿರಿಯವನು ಅವಳ ಬೆರಳ ಸಂದಿಯ ಗುಂಡುಸೂಜಿಗಳನ್ನು ನೋಡಿದ. ಕೆಳಗೆ ಕಾಯುತ್ತೇವೆ ಎಂದಷ್ಟೇ ಹೇಳಿ ಇಳಿದುಹೋದ.

ದರ್ಜಿ ಬಂದು ಮತ್ತೆ ಮಂಡಿಯೂರಿ ಅಂಚು ಮಡಚತೊಡಗಿದಳು. ಅತ್ತೆ ಟೀ ತಂದು ಮಹಡಿಯವಳ ಕೈಗಿಟ್ಟಳು. ಅವಳು ಸ್ಟೂಲಿನ ಮೇಲೆ ನಿಂತೇ ಕುಡಿದಳು. ಸಕ್ಕರೆ ಹಾಕುವುದನ್ನು ಅತ್ತೆ ಮರೆತಿದ್ದಳೆಂದು ಆಮೇಲೆ ಗೊತ್ತಾಯಿತು.

“ಅಕ್ಕಾ, ಅವರು ನನಗೆ ಹೇಳೋ ತನಕ ಅವನಿಗೆ ಏನೂ ಆಗಿಲ್ಲ, ಅಲ್ವಾ?”

“ಏನೂ ಆಗಿಲ್ಲ,” ಎಂದಳು ದರ್ಜಿ.

ಆದರೆ ನಿಂತ ಕಾರನ್ನು ಬಚ್ಚಿಡಲು ಬರುತ್ತದೆಯೇ? ಒಂದೊಂದೇ ಮನೆಯ ಬಾಗಿಲು ತೆರೆಯಿತು. ಕಾರು ಯಾರ ಮನೆಗೆ ಬಂದದ್ದೆಂದು ತಿಳಿಯದೆ ಹೆಂಗಸರು ಹೊಸ್ತಿಲಲ್ಲಿ ನಿಂತರು. ಎದುರು ಸಾಲಿನ ಬಾಣಂತಿ ತಡೆಯಲಾರದೆ ಕೂಸನ್ನೆತ್ತಿಕೊಂಡು ರಸ್ತೆಗೇ ಬಂದುಬಿಟ್ಟಳು. ಕಾರಿನ ಗಾಜು ತಟ್ಟಿ ಏನೋ ಕೇಳಿದಳು. ಒಳಗಿದ್ದವರು ತಲೆಯಾಡಿಸಿದರು, ಹೌದೆಂದೂ ಅಲ್ಲ, ಇಲ್ಲವೆಂದೂ ಅಲ್ಲ. ಅವರಿಗೆ ಹೇಳುವ ಅಧಿಕಾರವಿರಲಿಲ್ಲ. ಬಾಣಂತಿ ಕಾರಿನ ಪಕ್ಕ ನೆಲದ ಮೇಲೆಯೇ ಕುಸಿದು ಕೂತಳು.

ಸ್ಟೂಲಿನ ಮೇಲಿದ್ದವಳಿಗೆ ಕಿಟಕಿಯಿಂದ ಇದೆಲ್ಲ ಚೆನ್ನಾಗಿ ಕಾಣುತ್ತಿತ್ತು. ಬಹಳ ಹೊತ್ತು ನೋಡಿದಳು.

“ಪಾಪ, ಅವಳ ಮನೆಯವನು ಚೆನ್ನಾಗೇ ಇದಾನೆ,” ಎಂದಳು. “ಸುಮ್ನೆ ಅವಳ ಹೊಟ್ಟೆ ಯಾಕೆ ಉರಿಸಬೇಕು.”

ಇಳಿದಳು. ಸೂಜಿ ತೆಗೆಯುತ್ತೇನೆ ತಾಳು ಎಂದು ದರ್ಜಿ ಹೇಳಿದರೆ, ಇರಲಿ ಬಿಡು ಎಂದು ಹಾಗೇ ಹೊರಟಳು. ಅತ್ತೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಅವಳ ತೋಳು ಹಿಡಿದು ಜೊತೆಗೆ ಹೋದಳು. ಹೋಗಬೇಕಾದವಳು ದರ್ಜಿಯೇ. ಫೋನು ಬಿಟ್ಟು ಹೋಗಲು ಅವಳಿಗೆ ಕಾಲು ಬರಲಿಲ್ಲ. ನೀಲಿ ಗೌನು ರಸ್ತೆಗೆ ಬಂದದ್ದು, ಅಧಿಕಾರಿಗಳು ಇಳಿದು ಟೋಪಿ ಹಾಕಿಕೊಂಡದ್ದು ಕಿಟಕಿಯಿಂದ ಕಂಡಿತು. ಹಿರಿಯವನು ಬಾಯಿ ತೆರೆಯುವ ಮೊದಲೇ ದರ್ಜಿ ಮುಖ ತಿರುಗಿಸಿಕೊಂಡಳು. ಕೂಗು ಕೇಳೀತೆಂದು ಕಾದಳು, ಕೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹಲವು ಕಾಲುಗಳು ಅವಳ ಬಾಗಿಲು ದಾಟಿ ನಿಧಾನವಾಗಿ ಮಹಡಿ ಹತ್ತಿದವು.

ಆಮೇಲೆ ಫೋನುಗಳು ಹೊಡೆದುಕೊಳ್ಳತೊಡಗಿದವು. ಎದುರು ಸಾಲಿನಲ್ಲಿ ಒಂದು, ಪಕ್ಕದ ಮನೆಯಲ್ಲಿ ಒಂದು, ಗೋಡೆಯಾಚೆ ಇನ್ನೊಂದು. ಯಾರೋ ಜೋರಾಗಿ ನಕ್ಕರು, ನಕ್ಕು ಅತ್ತರು. ದರ್ಜಿಯ ಫೋನು ಬಡಿದುಕೊಂಡಾಗ ಅವಳು ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು.

“ನಾನು ಕಣೇ,” ಎಂದ ಗಂಡ.

ಅವಳು ನೆಲದ ಮೇಲೆ ಕೂತಳು. ಹೂಂ ಎಂದಳು. ತನಗೆ ತರಚಿದ ಗಾಯವೂ ಇಲ್ಲ ಎಂದ. ಅದನ್ನೇ ಮತ್ತೆ ಹೇಳಿದ, ತಪ್ಪೊಪ್ಪಿಕೊಳ್ಳುವವನ ಹಾಗೆ. ಸೀಟಿ ಲಾರಿಯ ಮೇಲೆ ಕೂತಿದ್ದ, ನಾನು ಕೆಳಗೆ ಸ್ಟಿಯರಿಂಗ್ ಹಿಡಿದಿದ್ದೆ, ಅಷ್ಟೇ ವ್ಯತ್ಯಾಸ ಎಂದ.

“ಬರ್ತೀನಿ ಅಂತ ಹೇಳೋಕೇ ಇದ್ದೆ. ಶನಿವಾರ ಮಧ್ಯಾಹ್ನ ಮನಸ್ಸು ಮಾಡಿ ಆಗಿತ್ತು. ಈಗ ಅವನ ಜಾಗಕ್ಕೆ ಹೊಸಬನ್ನ ಹಾಕ್ತಾರೆ. ಆ ರಸ್ತೆಯ ಒಂದು ತಿರುವೂ ಗೊತ್ತಿಲ್ಲ ಅವನಿಗೆ. ಡ್ರೈವರೂ ಹೊಸಬ ಆಗಿಬಿಟ್ರೆ… ಉಳೀತೀನಿ ಅಂತ ಹೇಳಿಬಿಟ್ಟೆ,” ಎಂದ.

ಇಷ್ಟು ವರ್ಷ ಕೇಳಿದ ಕಾರಣಗಳಲ್ಲಿ ಅವಳು ಎದುರು ವಾದಿಸಲಾಗದ ಕಾರಣ ಇದೊಂದೇ. ಅದಕ್ಕೇ ಅವಳಿಗೆ ಸಿಟ್ಟು ಬಂತು. ಅದೆಲ್ಲ ನನಗೆ ಬೇಡ, ಬನ್ನಿ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ತಲೆಯ ಮೇಲೆ ಕುರ್ಚಿ ಎಳೆದ ಸದ್ದಾಯಿತು, ಫೋನಿಗೂ ಕೇಳುವಷ್ಟು.

“ಏನದು?” ಎಂದ ಗಂಡ.

“ಅವಳು ಮನೆಗೆ ಬಂದ್ಲು,” ಎಂದಳು.

ಗಂಡನ ಹಿಂದೆ ಫೋನಿಗಾಗಿ ಸರತಿಯಲ್ಲಿ ನಿಂತವರು ಬೇರೆ ದಿನವಾಗಿದ್ದರೆ ಸಾಕು ಮುಗಿಸಪ್ಪಾ, ನಮಗೂ ಹೆಂಡಿರಿದ್ದಾರೆ ಎಂದು ಗದ್ದಲ ಹಾಕುತ್ತಿದ್ದರು. ಇವತ್ತು ಬೂಟು ಸರಿದಾಡುವ ಸದ್ದಷ್ಟೇ ಕೇಳುತ್ತಿತ್ತು. ಮುಗಿಸು ಎಂದು ಯಾರೂ ಹೇಳಲಿಲ್ಲ. ಅವಳೂ ಫೋನು ಇಡಲಿಲ್ಲ, ಅವನೂ ಇಡಲಿಲ್ಲ.