ಹೆಸರಿಲ್ಲದ ಅಭಿಮಾನಿ

ತಂಗಿಯ ಮಕ್ಕಳು ಇಟ್ಟ ‘ಲೇಸರ್ ಮಾವ’ ಎಂಬ ಹೆಸರು ಮನೆಮಂದಿಗೆಲ್ಲ ರೂಢಿಯಾಗಿ, ಈಗ ಹೆತ್ತ ತಾಯಿಯೂ ಮಗನನ್ನು ಹಾಗೆಯೇ ಕರೆಯುತ್ತಿದ್ದಳು. ಅವನ ಕೆಲಸವೂ ಅದೇ. ಕತ್ತಲು ಕೋಣೆಯ ಉಕ್ಕಿನ ಮೇಜಿನ ಮೇಲೆ ಕನ್ನಡಿಗಳನ್ನು ಕೂದಲೆಳೆಯಷ್ಟು ತಿರುಗಿಸುತ್ತಾ, ಅನಿಲ ತುಂಬಿದ ಗಾಜಿನ ಕೊಳವೆಯೊಳಗೆ ಲೇಸರ್ ಕಿರಣ ಹಾಯಿಸುವುದು. ಒಂದೊಂದು ಅನಿಲ ಒಂದೊಂದು ಬಣ್ಣದ ಬೆಳಕನ್ನು ನುಂಗುತ್ತದೆ. ಏನು ಕಾಣೆಯಾಯಿತು ಎಂದು ನೋಡಿದರೆ ಒಳಗೆ ಏನಿದೆ ಎಂದು ಹೇಳಬಹುದು. ಇದರಲ್ಲಿ ಅವನದು ನಿಜಕ್ಕೂ ಪಳಗಿದ ಕೈ.

ಆದರೆ ಕೆಲಸ ಮಾಡಿ ತೆಪ್ಪಗಿದ್ದರೆ ಯಾರು ಮೂಸಿ ನೋಡುತ್ತಾರೆ? ಬೇರೆ ವಿಜ್ಞಾನಿಗಳು ತಮ್ಮ ಲೇಖನಗಳಲ್ಲಿ ನಿಮ್ಮ ಲೇಖನವನ್ನು ಎಷ್ಟು ಸಲ ಉಲ್ಲೇಖಿಸಿದರು ಎನ್ನುವುದೇ ನಿಮ್ಮ ತೂಕ. ಅಮ್ಮನಿಗೆ ವಿಜ್ಞಾನ ತಲೆಗೆ ಹತ್ತದಿದ್ದರೂ ಈ ಲೆಕ್ಕ ಚೆನ್ನಾಗಿ ಹತ್ತಿತ್ತು. “ಈಗ ಎಷ್ಟು ಜನ ನಿನ್ನ ಹೆಸರು ಬರ್ದಿದಾರೋ?” ಎಂದು ವಾರವಾರ ಕೇಳಿ ಪಕ್ಕದ ಮನೆಗೆ ವರದಿ ಒಪ್ಪಿಸುತ್ತಿದ್ದಳು. ಸಂಸ್ಥೆಯವರೂ ಅವನ ಫೋಟೋ ದೊಡ್ಡದು ಮಾಡಿ ಬಾಗಿಲ ಬಳಿ ತೂಗುಹಾಕಿದ್ದರು.

ಆ ಲೆಕ್ಕದಲ್ಲೊಂದು ಹುಳುಕಿತ್ತು. ವಿಜ್ಞಾನ ಪತ್ರಿಕೆಗಳು ಅಚ್ಚು ಹಾಕುವ ಮುನ್ನ ತಮಗೆ ಬಂದ ಲೇಖನಗಳನ್ನು ಅವನಂಥ ಅನುಭವಸ್ಥರಿಗೆ ಕಳಿಸಿ ಅಭಿಪ್ರಾಯ ಕೇಳುತ್ತವೆ. ಬರೆದವರು ಯಾರೆಂದು ಓದುವವನಿಗೆ ತಿಳಿಯದು, ಓದಿದವನು ಯಾರೆಂದು ಬರೆದವರಿಗೆ ತಿಳಿಯದು. ಆ ಮರೆಯಲ್ಲಿ ಕೂತು ಇವನು ‘ಈ ಮುಂದಿನ ಲೇಖನಗಳನ್ನೂ ಉಲ್ಲೇಖಿಸುವುದು ಅಗತ್ಯ’ ಎಂದು ತನ್ನವನ್ನೇ ತುರುಕುತ್ತಿದ್ದ. ಮೊದಮೊದಲು ಸಂಬಂಧ ಇದ್ದಲ್ಲಿ ಮಾತ್ರ ಕೇಳುತ್ತಿದ್ದ. ಆಮೇಲೆ ಸಂಬಂಧ ಕಲ್ಪಿಸತೊಡಗಿದ. ಈಚೆಗೆ ಆ ಕಷ್ಟವನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಲೋಕದಲ್ಲಿ ಯಾರು ಮಾಡುವುದಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದ.

ಒಂದು ರಜೆಯ ಮಧ್ಯಾಹ್ನ ತಂಗಿ ಬಂದಳು. ಅವಳು ಮಕ್ಕಳ ಡಾಕ್ಟರು. ಅಮ್ಮ ಊಟದ ಮೇಜಿನ ಆ ತುದಿಯಲ್ಲಿ ಬಟಾಣಿ ಸುಲಿಯುತ್ತಿದ್ದಳು. ತಂಗಿ ಅವನ ಪಕ್ಕ ಕುರ್ಚಿ ಎಳೆದುಕೊಂಡು ಲ್ಯಾಪ್‌ಟಾಪ್ ತೆರೆದಳು.

“ಅಣ್ಣಾ, ನಿಂಗೊಬ್ಬ ಅಭಿಮಾನಿ ಸಿಕ್ಕಿದಾನೆ ನೋಡು. ನಾನೊಂದು ಲೇಖನ ಬರ್ದಿದ್ದೆ. ಮಕ್ಕಳ ಉಸಿರಿಗೆ ಲೇಸರ್ ಹಾಯಿಸಿ ಎದೆ ಸೋಂಕು ಕಂಡುಹಿಡಿಯೋದು. ಅಣ್ಣನ ಶಿಫಾರಸು ಅಂತ ಯಾರೂ ಅನ್ಬಾರ್ದು ಅಂತ ನಿಂಗೂ ಹೇಳಿರ್ಲಿಲ್ಲ. ಅದನ್ನ ಓದಿದ ಮಹಾನುಭಾವ ನಿನ್ನ ಐದು ಲೇಖನ ಸೇರಿಸ್ಲೇಬೇಕು ಅಂತ ಪಟ್ಟು ಹಿಡಿದಿದಾನೆ.”

ಪರದೆಯ ಮೇಲಿದ್ದವು ಅವನದೇ ವಾಕ್ಯಗಳು. ಯಾವುದೋ ಬೇಸರದ ಮೀಟಿಂಗಿನಲ್ಲಿ ಕೂತು, ಮೇಜಿನ ಕೆಳಗೆ ಫೋನಿನಲ್ಲಿ ಒತ್ತಿದವು.

“ಕೇಳಿದ್ಯೇನಮ್ಮ?” ಎಂದಳು ತಂಗಿ. ಅಮ್ಮ ಬಟಾಣಿ ಬಿಟ್ಟು ಮಗನತ್ತ ನೋಡಿ ಬಾಯಿತುಂಬ ನಕ್ಕಳು. ಆ ನಗೆಯನ್ನು ನೋಡಲಾರದೆ ಅವನು ನೀರಿನ ಲೋಟ ಎತ್ತಿಕೊಂಡ.

“ಸೇರಿಸೋದೇನೋ ಸೇರಿಸಿದೆ. ಪುಟದ ಮಿತಿ ಮೀರ್ತು. ಅದಕ್ಕೆ ಹಸುಗೂಸುಗಳ ಭಾಗ ತೆಗೆದ್ಬಿಟ್ಟೆ.”

“ಯಾವ ಭಾಗ?”

“ಅದೇ, ಕೊಳವೆಗೆ ಊದೋಕೆ ಬರದ ಕೂಸುಗಳ ಉಸಿರನ್ನ ನಿದ್ದೇಲೇ ಹಿಡಿಯೋ ಉಪಾಯ. ನಂಗೆ ಅದೇ ಮುಖ್ಯ ಅನ್ನಿಸಿತ್ತು. ದೊಡ್ಡ ಮಕ್ಕಳಾದ್ರೆ ಎಲ್ಲಿ ನೋವು ಅಂತ ಬಾಯಿ ಬಿಟ್ಟು ಹೇಳ್ತಾವೆ.”

ಆ ಭಾಗ ಲೇಖನದಲ್ಲಿತ್ತು ಎಂಬುದೇ ಅವನಿಗೆ ನೆನಪಿರಲಿಲ್ಲ. ಮೊದಲ ಪುಟ ಓದಿದ್ದ, ಕೊನೆಯ ಪುಟ ತಿರುವಿದ್ದ, ನಡುವೆ ತನ್ನ ಹೆಸರು ಇದೆಯೇ ಎಂದು ಹುಡುಕಿದ್ದ. ನಾಚಿಕೆ ಅವನ ಕಿವಿಯವರೆಗೂ ಏರಿತು. ಯಾರದೋ ಲೇಖನವಾಗಿದ್ದರೆ ಈ ನಾಚಿಕೆ ಆಗುತ್ತಿರಲಿಲ್ಲ ಎಂದು ಹೊಳೆದಾಗ ಇನ್ನಷ್ಟು ಕುಗ್ಗಿಹೋದ.

“ಒಂದು ಕೇಳ್ಲಾ?” ತಂಗಿ ದನಿ ತಗ್ಗಿಸಿದಳು. “ನಿನ್ನ ಐದಕ್ಕೂ ನನ್ನ ಕೆಲಸಕ್ಕೂ ಏನು ಸಂಬಂಧ? ಕೂತು ಓದಿದೆ. ಒಂದಂತೂ ಕುಲುಮೆ ಹೊಗೆ ಬಗ್ಗೆ ಇದೆ. ನಾನೇ ದಡ್ಡಿ ಇರ್ಬೇಕು.”

ಶಾಲೆಯ ದಿನಗಳಲ್ಲಿ ಅವನು ಹೇಳಿಕೊಟ್ಟ ಪಾಠ ಅರ್ಥವಾಗದಾಗಲೂ ಅವಳು ಹೀಗೆಯೇ ಅನ್ನುತ್ತಿದ್ದಳು. ಅಣ್ಣ ತಪ್ಪು ಹೇಳಿರಬಹುದು ಎಂದು ಒಮ್ಮೆಯೂ ಅಂದುಕೊಂಡವಳಲ್ಲ. ಈಗಲೂ ಏನಾದರೊಂದು ಸಂಬಂಧ ಹೆಣೆದು ಹೇಳಿದರೆ ತಲೆಯಾಡಿಸಿಬಿಡುತ್ತಾಳೆ. ಅಂಥ ಮಾತಿಗೆ ಅವನಲ್ಲಿ ಬರವಿರಲಿಲ್ಲ.

“ಎಳ್ಳಷ್ಟೂ ಸಂಬಂಧ ಇಲ್ಲ,” ಎಂದ. “ಐದನ್ನೂ ತೆಗೆದ್ಹಾಕು. ಕೂಸುಗಳ ಭಾಗ ವಾಪಸ್ ಹಾಕು.”

“ತೆಗೆದ್ರೆ ಅವ್ನು ಸಿಟ್ಟಿಗೆದ್ದು ಲೇಖನಾನೇ ಬೇಡ ಅಂದ್ರೆ?”

“ಅನ್ನಲ್ಲ.”

“ಅದು ನಿಂಗೆ ಹೇಗೆ ಗೊತ್ತು?”

ಲೋಟದಲ್ಲಿ ನೀರು ಮುಗಿದಿದ್ದರೂ ಅವನು ಅದನ್ನು ಬಾಯಿಂದ ಇಳಿಸಲಿಲ್ಲ. ತಂಗಿ ನಗುತ್ತಲೇ ಅವನತ್ತ ತಿರುಗಿದವಳು, ನೋಡುತ್ತಾ ನೋಡುತ್ತಾ ನಗು ನಿಲ್ಲಿಸಿದಳು. ಒಮ್ಮೆ ಪರದೆಯನ್ನು ನೋಡಿದಳು. ಮತ್ತೆ ಅಣ್ಣನ ಮುಖ ನೋಡಲಿಲ್ಲ. ಬೈದಿದ್ದರೆ ತಲೆ ತಗ್ಗಿಸಿ ಬೈಸಿಕೊಳ್ಳುತ್ತಿದ್ದ. ಅವಳು ಬೈಯಲಿಲ್ಲ. ಸದ್ದಾಗದಂತೆ ಲ್ಯಾಪ್‌ಟಾಪ್ ಮುಚ್ಚಿದಳು.

“ಯಾರಂತೆ ಕಣೇ ಆ ಪುಣ್ಯಾತ್ಮ?” ಅಮ್ಮ ಕೇಳಿದಳು. “ನಮ್ಮ ಹುಡುಗನ ಮೇಲೆ ಅಷ್ಟು ಅಭಿಮಾನ ಇಟ್ಕೊಂಡಿದಾನೆ. ಒಂದಿನ ಊಟಕ್ಕೆ ಕರೀರಿ.”

ತಂಗಿ ಒಂದು ಹಿಡಿ ಬಟಾಣಿ ತನ್ನತ್ತ ಎಳೆದುಕೊಂಡು ಸುಲಿಯತೊಡಗಿದಳು.

“ನಮಗೆ ಗೊತ್ತಿರೋರು ಯಾರೂ ಅಲ್ಲಮ್ಮ,” ಎಂದಳು.