ಏಣಿ ಬಡಿದವರು ಯಾರು

ಒಸಾಕಾದ ಈಜುಕೊಳದಲ್ಲಿ ಈಜುಗಾತಿಯರಿಗೆ ತುರುಬು ಕಟ್ಟುವ ತಮಾಯೆಯ ಕೈಗುಣ ಎಂಥದೆಂದರೆ, ಚಂಡಮಾರುತದಲ್ಲಿ ಹಾರಿಹೋಗುತ್ತಿದ್ದ ಹನ್ನೆರಡು ಮನೆಗಳ ಚಾವಣಿಯನ್ನು ಅವಳು ನೀರಿಗೂ ಬಿಚ್ಚದಂತೆ ಜೆಲಾಟಿನ್ ಅಂಟು ಬಳಿದು ಕೂರಿಸಿದ ಒಂದೇ ತುರುಬಿಗೆ ಹಗ್ಗ ಬಿಗಿದು ನಿಲ್ಲಿಸಿದ್ದರು. ನಂಬದವರು ಆ ಮನೆಗಳನ್ನೇ ಕೇಳಬಹುದು.

ಆ ತುರುಬು ಚಿಗುಸಾಳದು. ಸಂಗೀತಕ್ಕೆ ನೀರಿನಲ್ಲಿ ಕುಣಿಯುವ ಈಜುಗಾತಿಯರಲ್ಲಿ ಅವಳಷ್ಟು ಹೆಸರು ಮಾಡಿದವರಿಲ್ಲ. ಬಿಸ್ಕತ್ತಿನ ಡಬ್ಬಿಯ ಮೇಲೂ ಅವಳದೇ ಮುಖ. ಹೆಸರು ತಂದದ್ದು ಒಂಬತ್ತು ವರ್ಷದ ಹಿಂದಿನ ಆಯ್ಕೆ ಸ್ಪರ್ಧೆ. ಅವಳು ಮುಳುಗಿದ್ದಾಗಲೇ ನೀರಿನಡಿಯ ಸ್ಪೀಕರ್ ಸತ್ತಿತು. ಆದರೂ ಅವಳು ಒಂದು ತಾಳವೂ ತಪ್ಪಲಿಲ್ಲ. ಏಣಿಯ ಉಕ್ಕಿನ ಕಂಬಿಗೆ ಚಮಚದಿಂದ ಬಡಿದು ಎಣಿಕೆ ಕೊಡುವ ಸದ್ದು ತನಗೆ ಕೇಳಿಸಿತು ಎಂದಳು. ಹಾಗೆ ಬಡಿದೇ ಅವಳಿಗೆ ಕಲಿಸಿದ್ದ ಹತಾನೊ ಗುರುಗಳು ತೀರಿಕೊಂಡು ಅವತ್ತಿಗೆ ನಲವತ್ತೊಂಬತ್ತನೆಯ ದಿನ; ಸತ್ತವರ ಆತ್ಮ ಈ ಲೋಕ ಬಿಟ್ಟು ಹೋಗುವುದು ಅಂದೇ ಎಂದು ಅಲ್ಲಿಯವರ ನಂಬಿಕೆ.

ಊರಿಗೂರೇ ಮೈ ಜುಮ್ಮೆನಿಸಿಕೊಂಡಿತು. ತಮಾಯೆ ಮಾತ್ರ, "ದೆವ್ವಾನೂ ಇಲ್ಲ, ಗಿವ್ವಾನೂ ಇಲ್ಲ, ಬಡಿದವಳು ನಾನು!" ಎಂದು ಕನಿಷ್ಠ ಹತ್ತು ಲಕ್ಷ ಜನರಿಗೆ ಸಾರಿದಳು. ಒಬ್ಬರೂ ನಂಬಲಿಲ್ಲ.

ಇವತ್ತು ಚಿಗುಸಾಳ ವಿದಾಯದ ಪ್ರದರ್ಶನ. ಹೊರಗೆ ಸಾವಿರ ಜನ. ತಮಾಯೆಯ ಲೆಕ್ಕದಲ್ಲಿ ಅರವತ್ತು ಸಾವಿರ. ಒಳಗೆ ಕನ್ನಡಿಯ ಮುಂದೆ ತುರುಬು ಕಟ್ಟಿಸಿಕೊಳ್ಳುತ್ತಿದ್ದ ಚಿಗುಸಾ ತಮಾಯೆಯ ಕೈ ಹಿಡಿದು ನಿಲ್ಲಿಸಿದಳು.

"ಚಿಕ್ಕಮ್ಮ, ಆ ಸದ್ದು ಇನ್ನೂ ನಿಂತಿಲ್ಲ. ಸ್ನಾನದ ತೊಟ್ಟಿಯಲ್ಲಿ ತಲೆ ಮುಳುಗಿಸಿದ್ರೂ ಟಣ್ ಟಣ್. ನಿನ್ನೆ ತಾಲೀಮಲ್ಲಿ ಏಣಿ ಕಡೆಯಿಂದ ಬರಲಿಲ್ಲ, ಕೊಳದ ತಳದಿಂದ ಬಂತು."

"ಅಯ್ಯೋ, ಕಿವೀಲಿ ನೀರು ಹೋಗಿರ್ಬೇಕು."

"ತಮಾಷೆ ಬೇಡ. ಆವತ್ತು ಬಡಿದಿದ್ದು ನಿಜವಾಗ್ಲೂ ನೀನೇ ಆದ್ರೆ, ಉಳಿದಿದ್ದೆಲ್ಲ ನನ್ನ ಭ್ರಮೆ ಅಂದ್ಕೊಂಡು ಇಳೀತೀನಿ. ನೀನಲ್ಲ ಅಂದ್ರೆ ನೀರಿಗೆ ಕಾಲೂ ಇಡಲ್ಲ."

ಒಂಬತ್ತು ವರ್ಷಕ್ಕೆ ಒಬ್ಬಳಾದರೂ ನಂಬಲು ಸಿಕ್ಕಳು! ತಮಾಯೆಯ ಎದೆ ಬೆಟ್ಟದಷ್ಟು ಉಬ್ಬಿತು.

"ನಾನಲ್ದೆ ಇನ್ಯಾರೇ ಹುಡುಗಿ? ಬಡಿದ ರಭಸಕ್ಕೆ ಚಮಚ ಬಗ್ಗಿ ಬಳೆ ಆಗೋಯ್ತು!"

"ಹಾಗಾದ್ರೆ ಬಡಿದು ತೋರಿಸು."

ತಮಾಯೆ ಬ್ರಷ್ಷಿನ ಹಿಡಿಯಿಂದ ಜೆಲಾಟಿನ್ ಬಟ್ಟಲಿಗೆ ಠೀವಿಯಿಂದ ಬಡಿದಳು. ಒಂದರಿಂದ ಎಂಟು, ಮತ್ತೆ ಒಂದರಿಂದ ಎಂಟು. ಕನ್ನಡಿಯಲ್ಲಿ ಚಿಗುಸಾಳ ಮುಖ ಬಿಳಿಚಿಕೊಂಡಿತು.

"ಗುರುಗಳು ಏಳನೇ ಎಣಿಕೆಗೆ ಬಡೀತಿರಲಿಲ್ಲ ಚಿಕ್ಕಮ್ಮ. ಏಳಕ್ಕೆ ನಾವು ಮೇಲೆ ಬಂದು ಉಸಿರು ತಗೋಬೇಕಿತ್ತು. ಆವತ್ತೂ ಏಳು ಖಾಲಿ ಇತ್ತು."

ಹೊರಗೆ ಧ್ವನಿವರ್ಧಕದಲ್ಲಿ ಚಿಗುಸಾಳ ಹೆಸರು ಕರೆದರು. ಚಪ್ಪಾಳೆ ಗೋಡೆಯನ್ನು ಅಲುಗಿಸಿತು. ತಮಾಯೆ ಬ್ರಷ್ಷನ್ನು ಕೆಳಗಿಟ್ಟಳು.

"ನಾನು ಬಡೀಲಿಲ್ಲ ಮಗಾ. ಬಡಿಯೋಣ ಅಂತ ಚಮಚ ಹಿಡ್ಕೊಂಡು ಓಡಿದ್ದು ನಿಜ. ಏಣಿ ಹತ್ರ ಯಾರೂ ಇರಲಿಲ್ಲ, ಸದ್ದೂ ಇರಲಿಲ್ಲ. ಕಂಬಿ ಹಿಡ್ಕೊಂಡೆ. ಅದು ಯಾರೋ ಬಡೀತಿರೋ ಹಾಗೆ ಅಂಗೈಯೊಳಗೆ ಅದುರ್ತಿತ್ತು. ಅಲ್ಲಿಂದ ಓಡಿಬಂದೆ. ಆ ಹೆದರಿಕೆ ಮುಚ್ಚೋಕೆ ಇಷ್ಟು ವರ್ಷ ಜಂಬ ಕೊಚ್ಚಿದೆ. ನೀನು ಇಳೀಬೇಡ."