ಮಗ್ಗಗಳು ನಿಂತ ರವಿವಾರ

ಚಹಾದಂಗಡಿಯ ಬೆಂಚಿನ ಮೇಲೆ ಕೊಟ್ರೇಶ ಬಿಸಿ ಮಿರ್ಚಿ ಮುರಿಯುತ್ತಿದ್ದಾಗ ಅವನ ಓಣಿಯ ಮುದುಕಿ ಶೇಖವ್ವ ಖಾಲಿ ಕೊಡ ಹಿಡಿದು ಎದುರಿಗೆ ಬಂದು ನಿಂತಳು. ಗಜೇಂದ್ರಗಡದಿಂದ ರೋಣಕ್ಕೆ ಹೋಗುವ ದಾರಿಯ ಆ ಸಣ್ಣ ಪಟ್ಟಣದಲ್ಲಿ ನೇಕಾರ ಓಣಿಯನ್ನು ಪ್ರತಿನಿಧಿಸುವ ಪಂಚಾಯಿತಿ ಸದಸ್ಯ ಈ ಕೊಟ್ರೇಶ. ಸ್ವಂತದ್ದೊಂದು ನೂಲಿನ ಅಂಗಡಿ, ಇಸ್ತ್ರಿ ಮುರಿಯದ ಬಿಳಿ ಅಂಗಿ. ಮನುಷ್ಯ ಕೆಟ್ಟವನಲ್ಲ. ಗೆದ್ದ ಮೇಲೆ ತುಸು ನೆಲ ಬಿಟ್ಟು ನಡೆಯುತ್ತಿದ್ದ, ಅಷ್ಟೇ.

"ಕೊಟ್ರಾ, ಹೊಸಾ ಅಧ್ಯಕ್ಷ ಯಾರಾಗ್ತಾರಪಾ?"

"ಮುಂದಿನ ಶುಕ್ರವಾರ ಗೊತ್ತಾಗ್ತೈತಿ, ದೊಡ್ಡವ್ವ."

"ನಿನಗ ಇವತ್ತ ಗೊತ್ತೈತಿ. ನಮಗ ಶುಕ್ರವಾರ ಗೊತ್ತಾಗ್ತೈತಿ."

ಕೂತವರೆಲ್ಲ ನಕ್ಕರು. ಕೊಟ್ರೇಶನಿಗೆ ನಗು ಬರಲಿಲ್ಲ, ಏಕೆಂದರೆ ಮುದುಕಿ ಆಡಿದ್ದು ನಿಜವೇ ಆಗಿತ್ತು. ಹದಿನೇಳು ಸದಸ್ಯರು ಸಭಾಭವನದಲ್ಲಿ ಕೂತು ಕೈ ಎತ್ತಬೇಕು, ಯಾರ ಕಡೆ ಕೈ ಹೆಚ್ಚೋ ಅವರು ಊರಿಗೆ ಅಧ್ಯಕ್ಷರು. ಈ ಸಲ ಕಣದಲ್ಲಿದ್ದವರು ಇಬ್ಬರು. ಒಬ್ಬ ಕಾಳುಕಡಿ ವ್ಯಾಪಾರಿ ಶಶಿಕಾಂತ, ಇನ್ನೊಬ್ಬಳು ಪಕ್ಕದ ಓಣಿಯ ಸದಸ್ಯೆ, ಹೊಲಿಗೆ ಕೆಲಸದ ಫರ್ಜಾನಾ. ಕೈ ನನ್ನ ಕಡೆ ಎತ್ತು, ಉಪಾಧ್ಯಕ್ಷ ನೀನೇ ಎಂದು ಶಶಿಕಾಂತ ಕೊಟ್ರೇಶನಿಗೆ ಮಾತು ಕೊಟ್ಟಾಗಿತ್ತು. ಕೊಟ್ರೇಶ ರೋಣದಲ್ಲಿ ನಾಮಫಲಕವನ್ನು ಬರೆಯಲಿಕ್ಕೂ ಕೊಟ್ಟು ಬಂದಿದ್ದ, ಕೂಸು ಹುಟ್ಟುವ ಮೊದಲೇ ಕುಲಾವಿ! ಮಂಗಳವಾರ ಶಶಿಕಾಂತನ ಗಾಡಿ ಬರುತ್ತದೆ, ತನ್ನ ಕಡೆಯ ಸದಸ್ಯರನ್ನು ತುಂಬಿಕೊಂಡು ಎಲ್ಲೋ ಸಮುದ್ರದ ಕಡೆ ಹೋಗುತ್ತದೆ, ಶುಕ್ರವಾರ ನೇರ ಸಭೆಗೆ ತಂದಿಳಿಸುತ್ತದೆ ಎಂಬುದೂ ಗೊತ್ತಾಗಿತ್ತು.

"ನಿನ್ನ ಆರಿಸಿದಾವ್ರು ನಾವು," ಶೇಖವ್ವ ಬಿಡಲಿಲ್ಲ. "ಅಧ್ಯಕ್ಷರನ್ನೂ ನಾವ ಯಾಕ ಆರಿಸಬಾರ್ದು?"

"ಕಾನೂನು ಹಂಗಿಲ್ಲ, ದೊಡ್ಡವ್ವ. ಇದ್ರೂ ಚಲೋ ಆಗಂಗಿಲ್ಲ. ಮಂದಿ ಆರಿಸಿದ ಅಧ್ಯಕ್ಷ ಒಂದ್ ಕಡೆ, ಸದಸ್ಯರು ಒಂದ್ ಕಡೆ ಆದ್ರ ಎತ್ತು ಏರಿಗಿ, ಕೋಣ ನೀರಿಗಿ. ಕೆಲಸ ಹ್ಯಾಂಗ ಆಗ್ಬೇಕು? ಮ್ಯಾಲ ರೊಕ್ಕ ಇದ್ದಾಂವ ಇಡೀ ಊರನ್ನ ಖರೀದಿ ಮಾಡ್ತಾನ."

ಶೇಖವ್ವ ಕೊಡವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು ವಿಚಾರ ಮಾಡಿದಳು. "ಅದೂ ಖರೇನ. ಆದ್ರ ಹದಿನೇಳು ಮಂದೀನ ಒಂದ ಗಾಡ್ಯಾಗ ತುಂಬಬಹುದು. ಊರನ್ನ ತುಂಬೂ ಗಾಡಿ ಎಲ್ಲೈತಪಾ?"

ಗಾಡಿಯ ಸುದ್ದಿ ಮುದುಕಿಯವರೆಗೆ ಹೋಗಿದೆ ಎಂದು ಗೊತ್ತಾಗಿ ಕೊಟ್ರೇಶನಿಗೆ ಸಿಟ್ಟೂ ನಾಚಿಕೆಯೂ ಒಟ್ಟಿಗೇ ಬಂದವು. "ಅಷ್ಟ ಹುರುಪಿದ್ರ ಈ ರವಿವಾರ ನೀವ ಒಂದ್ ಚುನಾವಣಿ ಮಾಡ್ರಿ. ನಮ್ಮ ಓಣಿ ಯಾರು ಅಂತದೋ ಅವರಿಗೇ ನನ್ನ ಕೈ," ಎಂದುಬಿಟ್ಟ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರಲ್ಲ, ಹಾಗೆ. ಆದರೂ ಅವನಿಗೆ ಧೈರ್ಯವಿತ್ತು. ಬೆಳಗಿನಿಂದ ಸಂಜೆಯವರೆಗೆ ಮಗ್ಗದ ಕುಣಿಯಲ್ಲಿ ಕೂತು ನೇಯ್ದರಷ್ಟೇ ಕೂಲಿ ಕಾಣುವ ಜನ ಇದಕ್ಕೆಲ್ಲ ಎದ್ದು ಬರುತ್ತಾರೆಯೇ?

ರವಿವಾರ ಬೆಳಗ್ಗೆ ಅವನನ್ನು ಎಬ್ಬಿಸಿದ್ದು ಸಪ್ಪಳವಲ್ಲ, ಸಪ್ಪಳ ಇಲ್ಲದಿದ್ದದ್ದು. ಆ ಓಣಿಯಲ್ಲಿ ಮಗ್ಗ ನಿಲ್ಲುವುದು ಅಮಾವಾಸ್ಯೆಗೆ, ಇಲ್ಲವೇ ಯಾರಾದರೂ ತೀರಿಕೊಂಡಾಗ. ಅಮಾವಾಸ್ಯೆ ಇನ್ನೂ ದೂರವಿತ್ತು. ಕೊಟ್ರೇಶ ಹೆಗಲಿಗೆ ಟವೆಲ್ ಹಾಕಿಕೊಂಡು, ಮೋರೆ ಸಣ್ಣದು ಮಾಡಿಕೊಂಡು, ಸತ್ತ ಮನೆಗೆ ಹೋಗುವವನಂತೆಯೇ ಹೊರಟ. ಮೊದಲು ಸಿಕ್ಕವಳು ಶೇಖವ್ವನ ಮೊಮ್ಮಗಳು, ಕಾಲೇಜು ಓದುವ ಶ್ವೇತಾ.

"ಯಾರು ಹೋದ್ರವ್ವಾ?"

"ಯಾರೂ ಹೋಗಿಲ್ಲ, ಕಾಕಾ. ಎಲ್ಲಾರೂ ಬಂದಾರ."

ಕೊಟ್ರೇಶ ತಲೆ ಎತ್ತಿ ನೋಡಿದ. ಶೇಖವ್ವನ ಬಾಗಿಲಿನಿಂದ ನೀರಿನ ಟಾಕಿಯವರೆಗೆ ಸಾಲು ನಿಂತಿತ್ತು. ಗದ್ದಲವಿಲ್ಲ, ನೂಕಾಟವಿಲ್ಲ. ಕೂಲಿಗೆಂದು ಪಕ್ಕದ ಊರು ಸವಡಿಯ ಹೊಲಕ್ಕೆ ಹೊರಟಿದ್ದ ದೇವವ್ವ ಕುಡುಗೋಲು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದಳು. ಗೋಡೆಯ ಜಗಳದಲ್ಲಿ ಮೂವತ್ತು ವರ್ಷದಿಂದ ಶೇಖವ್ವನ ಕಟ್ಟೆ ಹತ್ತದ ಹೇಮಪ್ಪ ಕೂಡ ತೊಳೆದ ಧೋತರ ಉಟ್ಟು ನಿಂತಿದ್ದ. ನಲ್ಲಿ ಬಳಿ ದಿನಾ ಕೊಡಕ್ಕೆ ಕೊಡ ಬಡಿದಾಡುವ ಹೆಂಗಸರು ಇಲ್ಲಿ ಒಬ್ಬರ ಹಿಂದೆ ಒಬ್ಬರು ಸುಮ್ಮನೆ ನಿಂತಿದ್ದರು. ಅಬ್ಬಾ, ಇದೇನು ನಮ್ಮ ಓಣಿಯೇ! ಕೊಟ್ರೇಶನ ಮೈ ಝುಮ್ಮೆಂದಿತು.

ಶ್ವೇತಾ ಮತ್ತೆ ಬಾಗಿಲಲ್ಲಿ ಕೂತು ಹೆಸರು ಬರೆದುಕೊಂಡು, ನೂಲಿಗೆ ಹಾಕುವ ನೀಲಿ ಬಣ್ಣವನ್ನು ಬೆರಳಿಗೆ ಹಚ್ಚಿ, ನೂಲು ಸುತ್ತುವ ಖಾಲಿ ಕಂಡಿಕೆಯನ್ನು ತಲೆಗೊಂದರಂತೆ ಕೊಡುತ್ತಿದ್ದಳು. ಒಳಗೆ ಸೀರೆಯ ಮರೆಯಲ್ಲಿ ಎರಡು ಗಡಿಗೆಗಳಿದ್ದವು. ಶಶಿಕಾಂತನ ಗಡಿಗೆಯ ಕೊರಳಿಗೆ ಕೆಂಪು ನೂಲು, ಫರ್ಜಾನಾಳದಕ್ಕೆ ಹಳದಿ. ಯಾರು ಎಲ್ಲಿ ಹಾಕಿದರೋ ದೇವರಿಗೇ ಗೊತ್ತು.

ಹೊರಬಂದ ದೇವವ್ವ ಹೊಸ್ತಿಲಲ್ಲೇ ನಿಂತು ತನ್ನ ನೀಲಿ ಬೆರಳನ್ನೇ ನೋಡುತ್ತಿದ್ದಳು.

"ಯಾಕ ದೇವವ್ವ, ಏನಾತು?" ಎಂದ ಕೊಟ್ರೇಶ.

"ಏನಿಲ್ರಿ. ಇಷ್ಟ ದೊಡ್ಡ ಊರು. ಅದನ್ನ ಯಾರ ಕೈಯಾಗ ಕೊಡೂಣು ಅಂತ ನನ್ನ ಕೇಳಿದ್ರಲ್ರಿ. ಕೈ ನಡುಗಿತು."

ಅದೇ ಊರನ್ನು ಕೊಟ್ರೇಶ ಒಂದು ನಾಮಫಲಕಕ್ಕೆ ಒಪ್ಪಿಸಿ ಕೂತಿದ್ದ, ಅವನ ಕೈ ಒಮ್ಮೆಯೂ ನಡುಗಿರಲಿಲ್ಲ. ಸದ್ದಿಲ್ಲದೆ ಹೋಗಿ ಸಾಲಿನ ಕೊನೆಗೆ ನಿಂತ. ಅವನ ಸರದಿ ಬರುವಷ್ಟರಲ್ಲಿ ಹೊತ್ತು ನೆತ್ತಿಗೆ ಬಂದಿತ್ತು.

ಸಂಜೆ ಎಲ್ಲರೆದುರು ಎಣಿಸಿದರು. ಶಶಿಕಾಂತನಿಗೆ ನೂರ ಐವತ್ತೆಂಟು, ಫರ್ಜಾನಾಳಿಗೆ ಇನ್ನೂರ ಮೂವತ್ತೊಂದು. ಯಾರೂ ಕೇಕೆ ಹಾಕಲಿಲ್ಲ. ಎಲ್ಲರೂ ಒಮ್ಮೆ ಕೊಟ್ರೇಶನ ಮುಖ ನೋಡಿ ಮನೆಗೆ ಹೋದರು.

ಮಂಗಳವಾರ ಗಾಡಿ ಬಂತು. ಮುಂದಿನ ಸೀಟಿನಲ್ಲಿ ಶಶಿಕಾಂತನೇ ಇದ್ದ. ಕೊಟ್ರೇಶ ಬಳಿಗೆ ಹೋದ, ಹತ್ತಲಿಲ್ಲ.

"ಗಡಿಗ್ಯಾಗಿನ ಕಂಡಿಕೆಗೆ ಕಾನೂನಿನ್ಯಾಗ ಕಿಮ್ಮತ್ತಿಲ್ಲೋ," ಎಂದ ಶಶಿಕಾಂತ. ದನಿಯಲ್ಲಿ ಸಿಟ್ಟಿಗಿಂತ ಅಚ್ಚರಿಯಿತ್ತು. "ನಿಮ್ಮ ಓಣಿಗೆ ರಸ್ತೆ ಹಾಕಿಸಿದಾಂವ ನಾನು. ಮರತ್ಯೇನು?"

"ಮರತಿಲ್ರಿ ಅಣ್ಣಾರ. ಅದಕ್ಕ ನಿಮಗೂ ನೂರ ಐವತ್ತೆಂಟು ಬಿದ್ದಾವು. ಆದ್ರ ನಾ ಮಾತು ಕೊಟ್ಟೇನ್ರಿ."

ಗಾಡಿ ಹೋಯಿತು. ಉಪಾಧ್ಯಕ್ಷಗಿರಿಯೂ ಅದರ ಜೊತೆಗೇ ಹೋಯಿತು. ಕೊಟ್ರೇಶ ಅದರ ಧೂಳು ಅಡಗುವವರೆಗೆ ದಾರಿಯನ್ನೇ ನೋಡುತ್ತ ನಿಂತ.

ಶುಕ್ರವಾರ ಸಭೆಯಲ್ಲಿ ಫರ್ಜಾನಾಳ ಹೆಸರು ಕೂಗಿದಾಗ ಅವನು ಕೈ ಎತ್ತಿದ. ಬೆರಳಿನ ನೀಲಿ ಇನ್ನೂ ಹೋಗಿರಲಿಲ್ಲ. ನಿನ್ನೆಮೊನ್ನೆಯವರೆಗೆ ಸಲೀಸಾಗಿ ಏಳುತ್ತಿದ್ದ ಕೈ ಇವತ್ತು ಭಾರವಾಗಿತ್ತು. ಅಷ್ಟು ಜನ ಅದನ್ನು ಹಿಡಿದು ಎತ್ತುತ್ತಿದ್ದಾರೆ ಎನ್ನಿಸಿ ಅವನ ಕಣ್ಣು ತುಂಬಿತು. ಎದ್ದ ಕೈಗಳು ಆರು. ಶಶಿಕಾಂತನಿಗೆ ಹನ್ನೊಂದು.

ಸಂಜೆ ಅವನು ಓಣಿಗೆ ಕಾಲಿಡುತ್ತಿದ್ದಂತೆ ಮಗ್ಗಗಳು ಒಂದೊಂದಾಗಿ ನಿಂತವು. ಬಾಗಿಲು ಬಾಗಿಲಿಗೆ ಮುಖಗಳು ಕಾಣಿಸಿದವು.

"ಸೋತ್ವಿ, ದೊಡ್ಡವ್ವ," ಎಂದ ಶೇಖವ್ವನ ಕಟ್ಟೆಯ ಮುಂದೆ ನಿಂತು.

"ನೀ ಕೈ ಎತ್ತಿದ್ಯೋ ಇಲ್ಲೋ?"

"ಎತ್ತಿದೆ."

ಶೇಖವ್ವ ಒಳಗಿನಿಂದ ಒಂದು ಹಾಳೆ ತಂದಳು. ಅಧ್ಯಕ್ಷರನ್ನು ಊರಿನ ಜನರೇ ನೇರವಾಗಿ ಆರಿಸುವಂತೆ ಕಾನೂನು ಬದಲಿಸಿರಿ ಎಂದು ಸರ್ಕಾರಕ್ಕೆ ಶ್ವೇತಾ ದುಂಡಗೆ ಬರೆದ ಅರ್ಜಿ. ಕೆಳಗೆ ಸಹಿಗಳ ಜಾಗವೆಲ್ಲ ಖಾಲಿಯಿತ್ತು.

"ಮೊದಲನೇ ಸಹಿ ನಿಂದು ಇರಲಿ ಅಂತ ಬಿಟ್ಟೇವಿ. ಆದ್ರ ವಿಚಾರ ಮಾಡಿ ಹಾಕಪಾ. ಇದು ಆತಂದ್ರ ನಿನ್ನ ಕೈಗೆ ಈಗಿನ ಕಿಮ್ಮತ್ತು ಇರಂಗಿಲ್ಲ."

ಕೊಟ್ರೇಶ ಪೆನ್ನು ತೆಗೆದು ಬಾಗಿಲ ಕಟ್ಟೆಯ ಮೇಲೆ ಹಾಳೆ ಇಟ್ಟು ಸಹಿ ಹಾಕಿದ.

"ಇವತ್ತೊಂದ್ ದಿವಸ ಕೈಗೆ ಕಿಮ್ಮತ್ತು ಇತ್ತಲ್ಲ ದೊಡ್ಡವ್ವ," ಎಂದ, "ಸಾಕು."